ಅವನನ್ನು ಅವನ ಕಾಲದಲ್ಲೇ ಬಿಡು

ಕೋಲಾರ

ಪ್ರೀತಿಯ ತಂಗಿ,

ನಿನ್ನ ಕಾದಂಬರಿಯ ಕರಡು ತಲುಪಿತು, ಒಂದೇ ಗುಕ್ಕಿಗೆ ಓದಿದೆ. ಆವನಿ ಬೆಟ್ಟ ಹತ್ತಿದ ಹುಡುಗಿ ಇಳಿಯುವಾಗ 10ನೆಯ ಶತಮಾನಕ್ಕೆ ಇಳಿದುಬಿಡುತ್ತಾಳೆ. ಯಂತ್ರ ಗಿಂತ್ರ ಏನೂ ಇಲ್ಲದೆ ಒಂದೇ ವಾಕ್ಯದಲ್ಲಿ ಅದನ್ನು ಮುಗಿಸಿದ್ದೀಯಲ್ಲ, ತುಂಬ ಹಿಡಿಸಿತು. ಹೇಗೆ ಹೋದಳು ಅಂತ ಯಾರೂ ಕೇಳುವುದಿಲ್ಲ, ಹೋದಮೇಲೆ ಏನಾಯಿತು ಅಂತ ಕೇಳುತ್ತಾರೆ. ನನ್ನ ತಕರಾರು ಇರುವುದೂ ಅಲ್ಲೇ.

ನಿನ್ನ ನೊಳಂಬ ವಂಶದ ರಾಜಕುಮಾರ ಈ ಕಾಲದವನು ಕಣಮ್ಮಾ. ಹೆಣ್ಣಿನ ಸ್ವಾತಂತ್ರ್ಯದ ಮಾತಾಡುತ್ತಾನೆ, ಕುಲ ಕೇಳುವುದಿಲ್ಲ, ಅವಳು ಬಾಯಿಬಿಡುವ ಮೊದಲೇ ಅವಳ ಮನಸ್ಸು ಅರಿಯುತ್ತಾನೆ. ಬೆಂಗಳೂರಿನ ಆಫೀಸಿನಲ್ಲಿ ಅವಳಿಗೆ ಸಿಗದ ಗಂಡಸಿಗೇ ಕಚ್ಚೆ ಉಡಿಸಿ ಕುದುರೆ ಹತ್ತಿಸಿದ್ದೀಯ. ಅಂಥವನನ್ನು ಹುಡುಕಿಕೊಂಡು ಸಾವಿರ ವರ್ಷ ಹಿಂದಕ್ಕೆ ಯಾಕೆ ಹೋಗಬೇಕು? ಅವನನ್ನು ಅವನ ಕಾಲದಲ್ಲೇ ಬಿಡು. ಅವನ ನಂಬಿಕೆಗಳಿಂದ ಅವಳ ಮೈ ಉರಿಯಲಿ, ಅವನ ತಿಳಿವಳಿಕೆಗೆ ಅವಳು ಬೆರಗಾಗಲಿ. ಎರಡೂ ಒಬ್ಬನೇ ಮನುಷ್ಯನಲ್ಲಿರುವುದರಿಂದಲೇ ಅವಳಿಗೆ ಕಷ್ಟ.

ರಾಜಕುಮಾರನನ್ನೂ ಬಿಟ್ಟುಬಿಡು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಸೀಮೆ ನಮ್ಮದು, ಕೆರೆಯೇ ಜೀವ. ತೂಬು ಎತ್ತಿ ಗದ್ದೆಗಳಿಗೆ ನೀರು ಹಾಯಿಸುವವನನ್ನು ಈಗ ನೀರುಗಂಟಿ ಅಂತೀವಲ್ಲ, ಆ ಕೆಲಸದವನೊಬ್ಬನನ್ನು ತಗೋ. ನಿನ್ನ ನಾಯಕಿ ಟೊಮ್ಯಾಟೊ ಬೆಳೆಯುವವರ ಮಗಳು. ಅಪ್ಪ ಸಾವಿರ ಅಡಿ ದಾಟಿಸಿ ಕೊರೆಸಿದ ಬೋರು ಒಣಗಿದ್ದನ್ನು ಕಂಡವಳು. 2018ರಿಂದ ಬೆಂಗಳೂರಿನ ಕೊಳಚೆ ನೀರು ಶುದ್ಧೀಕರಣವಾಗಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರುತ್ತಿದೆ. ತುಂಬಿದ ಕೆರೆ ನೋಡಿ ಹಿಗ್ಗಬೇಕೋ ಹೆದರಬೇಕೋ ತಿಳಿಯದೆ ಏರಿ ಮೇಲೆ ನಿಂತವಳು. ಅವಳು ಅವನ ಕೆರೆಯಲ್ಲಿ ಕೈ ಅದ್ದುವ ಗಳಿಗೆಯನ್ನು ಬರಿ. ಅವನು ಮೊದಲು ಕೇಳುವುದು ಅವಳ ಕುಲವನ್ನೇ ಆಗಿರಲಿ. ಉತ್ತರ ಬರುವವರೆಗೂ ಬೊಗಸೆಗೆ ನೀರು ಹಾಕದೆ ನಿಲ್ಲಲಿ. ಅದೇ ಮನುಷ್ಯ ಮಾರನೇ ದಿನ ಏರಿಯ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿ, ಮಳೆಗಾಲದಲ್ಲಿ ಎಲ್ಲಿ ಸೋರುತ್ತದೆ ಅಂತ ತೋರಿಸಲಿ. ಕೆರೆಯ ಕೆಳಗಿನ ಗದ್ದೆಯ ಫಸಲಿನಲ್ಲಿ ಒಂದು ಪಾಲನ್ನು ಕೆರೆಯ ದುರಸ್ತಿಗೇ ಎತ್ತಿಡುತ್ತಿದ್ದರು, ಶಾಸನಗಳಲ್ಲಿ ಅದು ಬಿತ್ತುವಟ್ಟ. ಆ ಲೆಕ್ಕವನ್ನೆಲ್ಲ ಅವನು ಬಾಯಲ್ಲೇ ಹೇಳಲಿ. ಅವಳು ಮನಸೋಲುವುದಾದರೆ ಇಂಥ ಕಡೆ ಸೋಲಲಿ. ಅವನ ಎದೆಯ ಅಗಲಕ್ಕೆ ನೀನು ಕೊಟ್ಟ ಒಂದೂವರೆ ಪುಟ ಬೇಡ.

ಅವಳು ಕಣ್ಣು ಬಿಡುವ ನೀಲಗಿರಿ ತೋಪನ್ನು ಕಿತ್ತುಹಾಕು. ಅದು ಆಸ್ಟ್ರೇಲಿಯಾದ ಮರ, ಆಗ ಇಲ್ಲಿರಲಿಲ್ಲ. ಲಂಟಾನ, ಬಳ್ಳಾರಿ ಜಾಲಿ ಎರಡೂ ಅಮೆರಿಕಾ ಖಂಡದಿಂದ ಬಂದವು. ಇವನ್ನೆಲ್ಲ ತೆಗೆದಮೇಲೆ ಉಳಿಯುವ ಬಯಲು ಹೇಗಿರುತ್ತದೆ ಅಂತ ಕೂತು ಯೋಚಿಸು. ತನ್ನೂರನ್ನೇ ಅವಳು ಗುರುತಿಸದೆ ಹೋಗುವುದು ಆಗ ತಾನಾಗಿ ಬರುತ್ತದೆ. ಊಟದಲ್ಲೂ ಹಾಗೆಯೇ. ರಾಗಿ, ಹುರುಳಿ, ಹುಣಸೆ, ಮೆಣಸು ಇರಲಿ. ಮೆಣಸಿನಕಾಯಿ, ಆಲೂಗಡ್ಡೆ, ಕಡಲೆಕಾಯಿ ಕೂಡದು. ಅಪ್ಪ ಬೆಳೆಯುವ ಟೊಮ್ಯಾಟೊ ಅಂದರೆ ಏನು ಅಂತ ಅವನಿಗೆ ಅವಳು ವಿವರಿಸುವ ಒಂದು ಸನ್ನಿವೇಶ ಬರಿ, ಚೆನ್ನಾಗಿರುತ್ತದೆ. ಹಳಗನ್ನಡದ ತೊಡಕನ್ನು ಮಾತ್ರ ಬೇಗ ಮುಗಿಸು. ಮೊದಲೆರಡು ದಿನ ಕೈಸನ್ನೆ, ಆಮೇಲೆ ನಿನ್ನ ಸಾದಾ ಕನ್ನಡವೇ ಸಾಕು.

ಈಗ ವೀರಗಲ್ಲು. ಊರ ಮುಂದಿನ ಆ ಕಲ್ಲನ್ನು ನೀನು ಒಂದು ಸಾಲಿನಲ್ಲಿ ದಾಟಿಬಿಟ್ಟಿದ್ದೀಯ. ನನ್ನ ಕೇಳಿದರೆ ಇಡೀ ಕಥೆ ಅದರಲ್ಲೇ ಇದೆ. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆ. ಕೆಳಗೆ ಕಾಳಗ, ಎಷ್ಟೋ ಕಲ್ಲುಗಳಲ್ಲಿ ಹಿಂದೆ ದನಗಳ ಸಾಲು, ಅಂದರೆ ಅದು ತುರುಗೋಳು, ದನ ಹೊಡೆದೊಯ್ಯಲು ಬಂದವರ ಜೊತೆಗಿನ ಕಾಳಗ. ಮೇಲೆ ಲಿಂಗದ ಮುಂದೆ ಕೈಮುಗಿದ ವೀರ. ನಡುವಿನ ಪಟ್ಟಿಕೆ ನೋಡು: ಸತ್ತವನನ್ನು ಅಪ್ಸರೆಯರು ಎರಡೂ ಕಡೆಯಿಂದ ತೋಳು ಹಿಡಿದು ಕರೆದೊಯ್ಯುತ್ತಿರುತ್ತಾರೆ. ನಿನ್ನ ಹುಡುಗಿ ಚಿಕ್ಕಂದಿನಿಂದ ಆ ಕಲ್ಲಿಗೆ ಒರಗಿ ಬಸ್ಸಿಗೆ ಕಾದವಳು. ಆ ಕಾಲದಲ್ಲಿ ನೀರುಗಂಟಿಯ ಸೊಂಟದ ಕತ್ತಿ, ಓರೆಯಾಗಿ ಕಟ್ಟಿದ ತುರುಬು ನೋಡಿದಾಗ ಅವಳಿಗೆ ಆ ಕಲ್ಲು ನೆನಪಾಗಲಿ, ಕಲ್ಲಿನ ವೀರ ಇವನೇ ಅಂತ ಹೊಳೆಯಲಿ. ಅವನು ಹೇಗೆ ಸಾಯುತ್ತಾನೆ ಅಂತ ಅವಳಿಗೆ ಗೊತ್ತು. ಅವನ ತೋಳು ಹಿಡಿಯುವವರು ಯಾರು ಅಂತಲೂ ಗೊತ್ತು.

ಹೇಳಿದರೆ ಅವನು ಹೆದರುತ್ತಾನೆ ಅಂದುಕೊಳ್ಳಬೇಡ. ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ’ ಅಂತ ಎಷ್ಟೋ ವೀರಗಲ್ಲುಗಳ ಮೇಲಿದೆ. ಗೆದ್ದರೆ ಸಂಪತ್ತು, ಸತ್ತರೆ ದೇವಕನ್ಯೆ. ಅವನು ಅದನ್ನು ಮನಸಾರೆ ನಂಬಿದವನು, ಅವಳು ತಂದ ಸುದ್ದಿ ಅವನಿಗೆ ಶುಭವಾರ್ತೆ. ಅವಳಿಗೆ ಎಂಥ ಸಂಕಟ ನೋಡು! ಇನ್ನೊಂದು ವಿಷಯ. ಹಾಗೆ ಸತ್ತವರ ಮನೆಯವರಿಗೆ ಭೂಮಿ ಕೊಡುತ್ತಿದ್ದರು, ನೆತ್ತರುಗೊಡಗೆ ಅಂತ. ಅಂದಮೇಲೆ ಅವನಿಗೆ ಹೆಂಡತಿ ಮಕ್ಕಳು ಇರಬಹುದಲ್ಲ? ಆ ವಯಸ್ಸಿಗೆ ಇದ್ದೇ ಇರುತ್ತಾರೆ. ಅವನನ್ನು ಉಳಿಸಲು ಹೊರಟವಳು ಆ ಮಕ್ಕಳ ಹೊಲದ ಬಗ್ಗೆಯೂ ಯೋಚಿಸಬೇಕು. ಕೊನೆಯಲ್ಲಿ ಅವನನ್ನು ವೈಟ್‌ಫೀಲ್ಡಿಗೆ ಕರೆತಂದು ಮದುವೆ ಮಾಡಿಸಿದ್ದೀಯಲ್ಲ, ಈ ಎಲ್ಲ ಕಷ್ಟದಿಂದ ನೀನು ತಪ್ಪಿಸಿಕೊಂಡಿದ್ದು ಅಲ್ಲಿ. ಅವಳು ತಡೆಯುತ್ತಾಳೋ ಬಿಡುತ್ತಾಳೋ ನೀನೇ ತೀರ್ಮಾನಿಸು, ಆದರೆ ಅವನು ಈ ಕಡೆಗೆ ಬರಕೂಡದು.

ಬಿ.ಎಲ್. ರೈಸ್ 1905ರಲ್ಲಿ ಹೊರತಂದ, ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 10ನೆಯ ಸಂಪುಟ ಪೂರ್ತಿ ನಮ್ಮ ಹಳೇ ಕೋಲಾರ ಜಿಲ್ಲೆಯದು, ಚಿಕ್ಕಬಳ್ಳಾಪುರವೂ ಸೇರಿ. ರಾಜರ ವಂಶಾವಳಿ ಆಮೇಲೆ ನೋಡುವೆಯಂತೆ. ಮೊದಲು ದನಕ್ಕಾಗಿ, ಊರಿಗಾಗಿ ಸತ್ತವರ ಸಣ್ಣ ಸಣ್ಣ ಶಾಸನಗಳನ್ನು ಓದು. ನಿನ್ನ ನಾಯಕನ ಹೆಸರು ಅಲ್ಲೇ ಸಿಗುತ್ತದೆ. ಈಗಿರುವ ‘ಆರ್ಯವರ್ಧನ’ ಆಗದು.

ದಸರಾ ರಜೆಗೆ ಬಾ, ಇಬ್ಬರೂ ಆವನಿಗೆ ಹೋಗಿಬರೋಣ. ಅಷ್ಟರಲ್ಲಿ ಕೆರೆಯ ಅಧ್ಯಾಯ ಒಂದನ್ನಾದರೂ ಹೊಸದಾಗಿ ಬರೆದಿಟ್ಟಿರು.

ನಿನ್ನ ಅಕ್ಕ