ರಕ್ತ ಹಾಕಿಸಿಕೊಂಡಿದ್ದಿರಾ ಎಂದು ಯಾರೂ ಕೇಳಲಿಲ್ಲ

ಸಂಪಾದಕರೇ,

ನಮ್ಮತ್ತೆಗೆ ಹೆಪಟೈಟಿಸ್ ಸಿ (ರಕ್ತದಿಂದ ಹರಡಿ ಲಿವರ್ ಕೆಡಿಸುವ ವೈರಸ್ ಸೋಂಕು) ಇರುವುದು ಗೊತ್ತಾಗಿದ್ದು ಕಣ್ಣಿನ ಪೊರೆ ತೆಗೆಸಲು ಹೋದಾಗ, ಆಪರೇಷನ್‌ಗೆ ಮುಂಚಿನ ರಕ್ತಪರೀಕ್ಷೆಯಲ್ಲಿ. ಅದಕ್ಕೂ ಮೊದಲು ಏಳೆಂಟು ವರ್ಷ ಅವರ ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಕಿಣ್ವ) ಜಾಸ್ತಿಯೇ ಬರುತ್ತಿತ್ತು. ನಮ್ಮ ಬೀದಿಯ ಡಾಕ್ಟರು ರಿಪೋರ್ಟ್ ನೋಡಿ, ‘ಫ್ಯಾಟಿ ಲಿವರ್ ಅಮ್ಮಾ, ತುಪ್ಪ ಕಡಿಮೆ ಮಾಡಿ’ ಎನ್ನುತ್ತಿದ್ದರು. ಪಾಪ, ಅತ್ತೆ ಒಬ್ಬಟ್ಟಿಗೂ ತುಪ್ಪ ಹಾಕಿಕೊಳ್ಳುವುದನ್ನು ಬಿಟ್ಟರು. 1988ರ ಹೆರಿಗೆಯಲ್ಲಿ ಅವರಿಗೆ ಎರಡು ಬಾಟಲಿ ರಕ್ತ ಹಾಕಿದ್ದರು. ಆ ಒಂದು ಮಾತು ಕೇಳಿದ್ದರೆ ಸಾಕಿತ್ತು. ಈ ವೈರಸ್ ಪತ್ತೆಯಾದದ್ದೇ 1989ರಲ್ಲಿ. ಅದಕ್ಕೆ ಮುಂಚಿನ ರಕ್ತವನ್ನು ಯಾರು ಪರೀಕ್ಷಿಸಿರಲು ಸಾಧ್ಯ, ಅಲ್ವಾ?

ವಿಷಯ ತಿಳಿದ ಮೇಲೆ ಅದೇ ಡಾಕ್ಟರು, ‘ಮನೆಯವರೆಲ್ಲ ಇದಕ್ಕೆ ಲಸಿಕೆ ಹಾಕಿಸಿಕೊಳ್ಳಿ’ ಎಂದರು. ಲಸಿಕೆ ಇರುವುದು ಹೆಪಟೈಟಿಸ್ ಬಿಗೆ, ಸಿಗೆ ಇಲ್ಲ! ಆಂಟಿಬಾಡಿ (ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ) ಪಾಸಿಟಿವ್ ಬಂದರೆ ಸಾಲದು, ವೈರಸ್ ಈಗಲೂ ಇದೆಯೇ ಎಂದು ನೋಡಲು ಆರ್‌ಎನ್‌ಎ ಪರೀಕ್ಷೆ ಬೇಕು ಎಂದು ಹೇಳಿದ್ದು ಸರ್ಕಾರಿ ಆಸ್ಪತ್ರೆಯವರು.

ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರಿಂದಲೇ ಇದೆ. ಪರೀಕ್ಷೆ, ಮಾತ್ರೆ ಎರಡೂ ಉಚಿತ. ಅತ್ತೆ 12 ವಾರ ಮಾತ್ರೆ ನುಂಗಿದರು. ಆಮೇಲಿನ ಪರೀಕ್ಷೆಯಲ್ಲಿ ವೈರಸ್ ಇರಲಿಲ್ಲ.

ಸುಮ್ನೆ ಡಾಕ್ಟರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಅವರ ಕ್ಲಿನಿಕ್‌ನಲ್ಲಿ ಸಂಜೆ ನಿಲ್ಲಲೂ ಜಾಗ ಇರುವುದಿಲ್ಲ. ಆರೋಗ್ಯ ಇಲಾಖೆ ಪಿಎಚ್‌ಸಿ ವೈದ್ಯರ ಜೊತೆ ಇಂಥ ಬೀದಿ ಕ್ಲಿನಿಕ್‌ನವರನ್ನೂ ಕರೆದು ಅರ್ಧ ದಿನ ತರಬೇತಿ ಕೊಡಲಿ. ಹಿಂದೆ ರಕ್ತ ಹಾಕಿಸಿಕೊಂಡವರು, ಡಯಾಲಿಸಿಸ್‌ನಲ್ಲಿ ಇರುವವರು, ಸೂಜಿ ಹಂಚಿಕೊಂಡು ನಶೆ ಮಾಡಿದವರು ಬಂದರೆ ಒಂದು ಹೆಪಟೈಟಿಸ್ ಸಿ (ಎಚ್‌ಸಿವಿ) ಪರೀಕ್ಷೆ ಬರೆದುಕೊಡಲಿ.

– ಓದುಗರೊಬ್ಬರು, ಹಾಸನ