ಸಾಲ ಮೇಳಕ್ಕೆ ಕರೆದು ಬರಿಗೈಲಿ ಕಳಿಸುವುದೇಕೆ?

ಮಾನ್ಯ ಸಂಪಾದಕರೇ,

ಮಾಜಿ ಸೈನಿಕರ ಗೃಹಸಾಲ ಮೇಳದ ಬಗ್ಗೆ ನಿಮ್ಮ ಸೋಮವಾರದ ವರದಿ ಓದಿ ಸಿಟ್ಟು ಬಂತು. ಶಾಲು, ಹಾರದ ಫೋಟೊ ಹಾಕಿದ್ದೀರಿ. ಆ ಮೇಳಕ್ಕೆ ನಾನೂ ಹೋಗಿದ್ದೆ. ಎಷ್ಟು ಜನ ಬರಿಗೈಲಿ ವಾಪಸ್ ಬಂದರು ಅಂತ ಯಾಕೆ ಬರೆಯಲಿಲ್ಲ?

ನಾನು 24 ವರ್ಷ ಸೇನೆಯಲ್ಲಿದ್ದು ಹವಾಲ್ದಾರ್ ಆಗಿ ನಿವೃತ್ತನಾದವನು. ನನ್ನ ಯೂನಿಟ್ಟಿನ ಇಬ್ಬರು ಗೆಳೆಯರೂ ಇಲ್ಲೇ ಬಾಡಿಗೆಗಿದ್ದಾರೆ. ಒಬ್ಬರು ಹಾಸನದವರು, ಇನ್ನೊಬ್ಬರು ಗದಗದವರು. ನಮ್ಮ ಏರಿಯಾದಲ್ಲೇ 20x30 ಸೈಟಿನ ಕಟ್ಟಡವೊಂದು ಮಾರಾಟಕ್ಕಿದೆ. ಕೆಳಗೊಂದು ಮನೆ, ಮೇಲೆರಡು. ಬೆಲೆ 1 ಕೋಟಿ 20 ಲಕ್ಷ. ಮೂವರೂ ಸೇರಿ ತಗೊಂಡರೆ ತಲಾ 40 ಲಕ್ಷ. ಒಂದೇ ಮೆಟ್ಟಿಲು, ಒಂದೇ ಗೇಟು. ವಯಸ್ಸಾದ ಮೇಲೆ ಒಬ್ಬರಿಗೊಬ್ಬರು ಆಗುತ್ತೇವೆ ಅನ್ನೋದು ನಮ್ಮ ಆಸೆ.

ಬೆಳಿಗ್ಗೆ 9ಕ್ಕೆ ಬನ್ನಿ ಅಂದಿದ್ದರು. ಬ್ಯಾಂಕಿನ ಅಧಿಕಾರಿ ಬಂದಿದ್ದು 11:30ಕ್ಕೆ. ಬಂದವರೇ ವೇದಿಕೆ ಹತ್ತಿದರು. ನಾನು ಸೆಕ್ಯೂರಿಟಿ ಕೆಲಸ ಮಾಡುತ್ತೇನೆ, ಒಂದು ದಿನದ ಸಂಬಳ ಹೋಯಿತು. ಗದಗದ ಗೆಳೆಯರಿಗೆ ಮಂಡಿ ನೋವು. ಕೂರಲು ಕುರ್ಚಿ ಇಲ್ಲದೆ ನಿಂತೇ ಇದ್ದರು. ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಪಾವತಿ ಆದೇಶ) ಎರಡನ್ನೂ ಮೂರು ಸಲ ಜೆರಾಕ್ಸ್ ಮಾಡಿಸಿದೆವು.

ಕೊನೆಗೆ ಬಂದ ಉತ್ತರ ಏನು ಗೊತ್ತಾ? ಜಂಟಿ ಸಾಲ ಬೇಕೆಂದರೆ ಗಂಡ ಹೆಂಡತಿ ಆಗಿರಬೇಕು, ಇಲ್ಲವೇ ಅಪ್ಪ ಮಗ ಆಗಿರಬೇಕಂತೆ. ಸ್ನೇಹಿತರಿಗೆ ಕೊಡಲ್ಲವಂತೆ. ಬೇರೆ ಬೇರೆ ಸಾಲ ಕೊಡಿ ಅಂದರೆ, ಒಂದೇ ಕ್ರಯಪತ್ರದ ಮೇಲೆ ಮೂರು ಅಡಮಾನ ಆಗಲ್ಲ ಅಂದರು. ನನಗೆ 56 ವರ್ಷ, 70ರೊಳಗೆ ಸಾಲ ತೀರಿಸಬೇಕಂತೆ. ಆ ಲೆಕ್ಕದ ಕಂತು ಕಟ್ಟಿದರೆ ಪಿಂಚಣಿಯಲ್ಲಿ ಅಕ್ಕಿ ಬೇಳೆಗೂ ಉಳಿಯಲ್ಲ. ಜವಾನರನ್ನು ನಲವತ್ತರ ಆಸುಪಾಸಿನಲ್ಲೇ ಮನೆಗೆ ಕಳಿಸುವುದು ಸೇನೆಯ ನಿಯಮ. ಅದು ಬ್ಯಾಂಕಿನವರಿಗೆ ಗೊತ್ತಿಲ್ವಾ?

ಪ್ರಧಾನಮಂತ್ರಿ ಆವಾಸ್ ಯೋಜನೆಯ ಬಡ್ಡಿ ಸಬ್ಸಿಡಿ ಕೇಳಿದೆ. 2024ರಲ್ಲಿ ಶುರುವಾದ 2.0ರಲ್ಲಿ ಒಟ್ಟು 1.80 ಲಕ್ಷದವರೆಗೆ ಸಿಗುತ್ತದೆ. ಆದರೆ ಮನೆಯ ಬೆಲೆ 35 ಲಕ್ಷ ದಾಟಬಾರದು, ಸಾಲ 25 ಲಕ್ಷ ದಾಟಬಾರದು. ಬೆಂಗಳೂರಿನಲ್ಲಿ 35 ಲಕ್ಷಕ್ಕೆ ಸಂಸಾರ ಇರುವಂಥ ಮನೆ ಎಲ್ಲಿದೆ, ತೋರಿಸಲಿ. ಸೇನೆಯ ವಸತಿ ಸಂಸ್ಥೆ ಎಡಬ್ಲ್ಯುಎಚ್‌ಒ 1978ರಿಂದ ಮನೆ ಕಟ್ಟಿಸುತ್ತಿದೆ. ಕನ್ನಮಂಗಲದ ಸಂದೀಪ್ ವಿಹಾರ್ ಅವರದೇ. ಒಳ್ಳೆಯ ಕೆಲಸ, ಇಲ್ಲ ಅನ್ನಲ್ಲ. ಆದರೆ ಎಲ್ಲರಿಗೂ ಅಲ್ಲೇ ಮನೆ ಸಿಗುತ್ತದಾ?

ಇಂಥ ಅಧಿಕಾರಿಗಳ ಹತ್ತಿರ ಮಾತಾಡಿದರೆ ಹಳೆಯದೆಲ್ಲ ನೆನಪಾಗುತ್ತದೆ. ನಿವೃತ್ತನಾದ ವರ್ಷವೇ ಊರಿನ ತಾಲ್ಲೂಕು ಕಚೇರಿಯಲ್ಲಿ ಜಮೀನಿಗೆ ಅರ್ಜಿ ಹಾಕಿದ್ದೆ. 1969ರ ಭೂ ಮಂಜೂರಾತಿ ನಿಯಮದಲ್ಲೇ ಮಾಜಿ ಸೈನಿಕರಿಗೆ ಪಾಲು ಇದೆ. ಹದಿಮೂರು ವರ್ಷವಾಯಿತು. ಫೈಲು ಮೇಲೆ ಹೋಗಿದೆ ಅನ್ನುತ್ತಾರೆ. ಆ ಮೇಲೆ ಅನ್ನೋದು ಎಲ್ಲಿದೆ ಅಂತ ಒಬ್ಬರೂ ಹೇಳಲ್ಲ. ಹೋದ ವರ್ಷ ತಮ್ಮನ ಇ-ಖಾತೆಗೂ ಇದೇ ಅಲೆದಾಟ. ಸಹಿ ಹಾಕಬೇಕಾದವರು ಯಾವಾಗ ಹೋದರೂ ಮೀಟಿಂಗ್‌ನಲ್ಲಿ! ಜನರ ತೆರಿಗೆಯಲ್ಲಿ ಸಂಬಳ ತಗೊಳ್ಳುವವರು ಜನ ಬಂದಾಗ ಕುರ್ಚಿಯಲ್ಲಿ ಇರಬೇಡವಾ?

ಮಾಜಿ ಸೈನಿಕರು ಮೂರ್ನಾಲ್ಕು ಜನ ಸೇರಿ ಮನೆ ಕೊಂಡರೆ ಸಾಲ ಕೊಡುವ ಹಾಗೆ ಸರ್ಕಾರ ನಿಯಮ ಮಾಡಲಿ. ಆ 35 ಲಕ್ಷದ ಮಿತಿಯನ್ನೂ ಜಾಸ್ತಿ ಮಾಡಲಿ. ಆಗದಿದ್ದರೆ ಈ ಮೇಳಗಳನ್ನು ನಿಲ್ಲಿಸಲಿ. ಅವತ್ತು ಎರಡೂವರೆ ತಾಸು ತಡವಾಗಿ ಬಂದ ಅಧಿಕಾರಿ ಮೇಲೆ ಮೊದಲು ಕ್ರಮ ತಗೊಳ್ಳಲಿ. ಸುಮ್ನೆ ಶಾಲು ಹೊದಿಸಲು ನಮ್ಮನ್ನು ಕರೆಯಬೇಡಿ. ನನಗೆ ಹೊದಿಸಿದ ಶಾಲನ್ನು ನಾನು ಅಲ್ಲೇ ಮೇಜಿನ ಮೇಲೆ ಬಿಟ್ಟು ಬಂದಿದ್ದೇನೆ.

— ಒಬ್ಬ ಮಾಜಿ ಹವಾಲ್ದಾರ್, ಹೊರಮಾವು, ಬೆಂಗಳೂರು