ಮಾಟುಂಗಾದ ಆ ಹಿರಿಯರಿಗೆ ಕೃತಜ್ಞತೆಗಳು

ಮುಂಬಯಿಯ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕ ಆರಂಭವಾಗುವ ಮುನ್ನ, ನನ್ನ ಕೈಯಲ್ಲಿದ್ದ ಪಾಕಿಸ್ತಾನದಲ್ಲಿ ಸೈನಿಕ ದಂಗೆಯಿಂದ ಅಧಿಕಾರಕ್ಕೆ ಬಂದ ಸೇನಾ ಮುಖ್ಯಸ್ಥ ಪರ್ವೇಜ್ ಮುಷರ್ರಫ್ ಅವರ ಆತ್ಮಕಥೆಯನ್ನು ಕಂಡು ಮಾತಿಗಿಳಿದ ಪಕ್ಕದ ಕುರ್ಚಿಯ ಹಿರಿಯರ ಹೆಸರು ಕೇಳುವಷ್ಟರಲ್ಲಿ ಮೂರನೆಯ ಗಂಟೆ ಬಾರಿಸಿದ್ದರಿಂದ, ಅವರಿಗೆ ಹೀಗೆ ಬಹಿರಂಗವಾಗಿಯೇ ಧನ್ಯವಾದ ಹೇಳಬೇಕಾಗಿದೆ.

2006ರಲ್ಲಿ ಪ್ರಕಟವಾದ ಈ ಪುಸ್ತಕದಲ್ಲಿ 1999ರ ಅಕ್ಟೋಬರ್ 12ರ ಸಂಜೆಯ ವರ್ಣನೆ ಪತ್ತೇದಾರಿ ಕಾದಂಬರಿಯಂತೆ ಓದಿಸಿಕೊಂಡು ಹೋಗುತ್ತದೆ. ಮುಷರ್ರಫ್ ಕುಳಿತಿದ್ದ, ಕೊಲಂಬೋದಿಂದ ಹೊರಟ ವಿಮಾನಕ್ಕೆ ಕರಾಚಿಯಲ್ಲಿ ಇಳಿಯಲು ಅನುಮತಿಯಿಲ್ಲ, ಇಂಧನ ಮುಗಿಯುತ್ತಾ ಬಂದಿದೆ, ಕೆಳಗೆ ಸೈನಿಕರು ನಿಲ್ದಾಣವನ್ನು ವಶಪಡಿಸಿಕೊಳ್ಳುತ್ತಿದ್ದಾರೆ. ಆ ರಭಸದಲ್ಲಿ, ಪ್ರಧಾನಿ ನವಾಜ್ ಷರೀಫ್ ತಮ್ಮನ್ನು ಸೇನಾ ಮುಖ್ಯಸ್ಥನ ಹುದ್ದೆಯಿಂದ ವಜಾ ಮಾಡಿದ್ದೇ ಮೊದಲ ದಂಗೆ, ಸೈನ್ಯ ನಡೆಸಿದ್ದು ಪ್ರತಿದಂಗೆ ಮಾತ್ರ ಎಂಬ ಲೇಖಕರ ವಾದ ಓದುಗರ ತಲೆಯೊಳಗೆ ಸದ್ದಿಲ್ಲದೆ ನುಸುಳುತ್ತದೆ. (ಬರವಣಿಗೆಯ ಚಾತುರ್ಯವನ್ನು ಮೆಚ್ಚಲೇಬೇಕು.)

ಸೇನಾ ಮುಖ್ಯಸ್ಥರನ್ನು ಬದಲಿಸುವ ಅಧಿಕಾರ ಚುನಾಯಿತ ಪ್ರಧಾನಿಗೆ ಇತ್ತೋ ಇಲ್ಲವೋ ಎಂಬ ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಆ ಪುಟಗಳನ್ನು ಓದಿ ಎಂದ ಹಿರಿಯರು, ನನ್ನ ಟಿಕೆಟಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ 2000ರ ಜನವರಿ ಮತ್ತು ಮೇ ಎಂದು ಗೀಚಿಕೊಟ್ಟರು. ಜನವರಿಯಲ್ಲಿ ನ್ಯಾಯಾಧೀಶರು ಹೊಸ ಆಡಳಿತದ ಆದೇಶದಡಿ ಮತ್ತೆ ಪ್ರಮಾಣವಚನ ಸ್ವೀಕರಿಸಬೇಕಾಯಿತು. ಮುಖ್ಯ ನ್ಯಾಯಮೂರ್ತಿ ಸಯೀದುಜ್ಜಮಾನ್ ಸಿದ್ದಿಕಿ ಸೇರಿದಂತೆ ಹಲವರು ನಿರಾಕರಿಸಿ ಹುದ್ದೆ ಕಳೆದುಕೊಂಡರು. ಉಳಿದವರ ಪೀಠ ಮೇ ತಿಂಗಳಲ್ಲಿ, ಅನಿವಾರ್ಯತೆಯ ತತ್ತ್ವದ (ಸಂವಿಧಾನ ಮೀರಿದ ಕ್ರಮವೂ ಬೇರೆ ದಾರಿಯಿಲ್ಲದಾಗ ಸಿಂಧು ಎಂಬ ವಾದದ) ಆಧಾರದ ಮೇಲೆ ದಂಗೆಯನ್ನು ಎತ್ತಿಹಿಡಿದು, ಚುನಾವಣೆಗೆ ಮೂರು ವರ್ಷಗಳ ಗಡುವು ಕೊಟ್ಟಿತು. ಈ ಅನುಕ್ರಮ ತಿಳಿದ ಮೇಲೆ, ನನ್ನ ಮಟ್ಟಿಗೆ, ವಿಮಾನದ ಪ್ರಸಂಗಕ್ಕಿಂತ ನ್ಯಾಯಾಲಯದ ಪ್ರಸಂಗವೇ ಹೆಚ್ಚು ಭಯಾನಕ.

ಕಾರ್ಗಿಲ್ ಅಧ್ಯಾಯವನ್ನು ಆ ಯುದ್ಧದ ಪರಾಮರ್ಶೆಗೆ ಭಾರತ ಸರ್ಕಾರ ನೇಮಿಸಿದ್ದ ಕೆ. ಸುಬ್ರಹ್ಮಣ್ಯಂ ಸಮಿತಿಯ ವರದಿಯ ಜೊತೆಗಿಟ್ಟು ಓದಬೇಕೆಂಬ ಅವರ ಸಲಹೆಯನ್ನೂ ಈಗ ಪಾಲಿಸುತ್ತಿದ್ದೇನೆ. ಎರಡೂ ಹಲವು ಕಡೆ ತಾಳೆಯಾಗುತ್ತಿಲ್ಲ.